ಅಕ್ಕ ಕೊಟ್ಟ ಹದಿಮೂರು ತತ್ತಿ

ಕೊಟ್ಟೂರಿನಂಥ ಊರಿನಲ್ಲಿ ಬಾತುಕೋಳಿ ಸಾಕುತ್ತೇನೆಂದು ಹೊರಟವನು ನಾನೊಬ್ಬನೇ ಇರಬೇಕು. ನಲ್ಲಿಯಲ್ಲಿ ನೀರು ಯಾವಾಗ ಬರುತ್ತದೆಂದು ಕೊಡ ಸಾಲಿಟ್ಟು ಕಾಯುವ ಓಣಿಯಲ್ಲಿ ಬಾತು ಈಜುವುದೆಲ್ಲಿ ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕರು. "ಬಕೆಟ್ನ್ಯಾಗ ಬಿಡ್ರಿ ಸರ, ಅದರ ಜೊತಿ ನಿಮ್ದೂ ಜಳಕ ಆಗ್ತೈತಿ" ಎಂದರು ಹಿಂದಿ ಮೇಷ್ಟ್ರು. ನಗುವವರ ಮುಂದೆ ಎಡವಿ ಬೀಳಬಾರದು ಅನ್ನುವುದು ನನ್ನ ಹುಟ್ಟುಗುಣ. ಆ ಗುಣದಿಂದ ನನಗೆ ಒಳ್ಳೆಯದಾದದ್ದು ಕಡಿಮೆ.

ನಾನು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಕೊಟ್ಟೂರಿನಿಂದ ಕೂಡ್ಲಿಗಿಯ ದಾರಿಯಲ್ಲಿ ಒಂದು ಹಳ್ಳಿಗೆ ದಿನಾ ಬೈಕಿನಲ್ಲಿ ಹೋಗಿ ಬರುತ್ತೇನೆ. ಫೋನಿನಲ್ಲಿ ಯಾರೋ ತತ್ತಿಗೆ ಕಾವು ಕೊಡುವ ಪೆಟ್ಟಿಗೆ ಮಾಡುವುದನ್ನು ನೋಡಿ, ಮೀನಿನ ಅಂಗಡಿಯವನಿಂದ ಥರ್ಮೋಕೋಲ್ ಡಬ್ಬಿಯೊಂದನ್ನು ಇಸಿದುಕೊಂಡು ಬಂದೆ. ಅದರ ವಾಸನೆ ಹೋಗಲು ಮೂರು ದಿನ ಬಿಸಿಲಿಗಿಟ್ಟೆ. ಒಳಗೆ ಎರಡು ಬಲ್ಬು, ಕೆಟ್ಟ ಕಂಪ್ಯೂಟರಿನ ಸಣ್ಣ ಫ್ಯಾನು, ಶಾಖ ಏರಿದರೆ ತಾನೇ ಬಲ್ಬು ಆರಿಸುವ ಥರ್ಮೋಸ್ಟಾಟು, ತೇವಕ್ಕೆ ಒಂದು ಬಟ್ಟಲು ನೀರು, ಮುಚ್ಚಳದಲ್ಲಿ ಗಾಜಿನ ಕಿಟಕಿ. ಮೊದಲ ಸಲ ಒಂಬತ್ತು ನಾಟಿ ಕೋಳಿ ತತ್ತಿ ಇಟ್ಟು ಏಳು ಮರಿ ತೆಗೆದೆ. ಆ ಏಳು ಮರಿಯ ವಿಡಿಯೋ ನಮ್ಮ ಬೀಗರು, ನೆಂಟರು, ಸಹಪಾಠಿಗಳ ಗುಂಪುಗಳಲ್ಲೆಲ್ಲ ಓಡಾಡಿತು. ನಾನು ನೆಲದ ಮೇಲೆ ನಡೆಯುವುದನ್ನು ಮರೆತೆ.

ಎರಡನೆಯ ಸಲಕ್ಕೆ ಬಾತಿನ ತತ್ತಿ ಬೇಕು ಅನ್ನಿಸಿತು. ಹಡಗಲಿಯ ಆಚೆ, ಹೊಳೆ ದಂಡೆಯಲ್ಲಿ ಭತ್ತ ಕೊಯ್ದ ಗದ್ದೆಗಳಿಗೆ ಆಂಧ್ರದ ಕಡೆಯವರು ಬಾತಿನ ಹಿಂಡು ಹೊಡೆದುಕೊಂಡು ಬರುತ್ತಾರೆ. ಅವರ ಹತ್ತಿರ ಹೋಗಿ ಹತ್ತು ತತ್ತಿ ತಂದೆ. ತಂದ ಮರುದಿನ ಶಾಲೆಯಲ್ಲಿ ಅಕ್ಕ ನನ್ನನ್ನು ಹುಡುಕಿಕೊಂಡು ಬಂದರು.

ಅಕ್ಕ ಎಂದರೆ ನಮ್ಮ ಶಾಲೆಯ ಬಿಸಿಯೂಟದ ಅಡುಗೆಯವರು. ಐವತ್ತು ದಾಟಿದ ಹೆಂಗಸು, ನಾನೂ ಮಕ್ಕಳೂ ಎಲ್ಲರೂ ಅಕ್ಕ ಎಂದೇ ಕರೆಯುವುದು. ಸಾಂಬಾರಿಗೆ ಉಪ್ಪು ಎಷ್ಟೆಂದು ಕೈಯಲ್ಲೇ ತೂಗುವವರು, ಯಾರಿಗೂ ಏನನ್ನೂ ಕೇಳದವರು. ಅವತ್ತು ಸೆರಗಿನಲ್ಲಿ ಬುಟ್ಟಿ ಮುಚ್ಚಿಕೊಂಡು ಸ್ಟಾಫ್ ರೂಮಿನ ಹೊರಗೇ ನಿಂತಿದ್ದರು.

"ಸರ, ನಿಮ್ಮ ಮಷಿನ್ನಾಗ ಇವಕ್ಕ ಜಾಗ ಐತೇನ್ರಿ?"

ಬುಟ್ಟಿಯಲ್ಲಿ ಜೋಳದ ಮೇಲೆ ಹದಿಮೂರು ತತ್ತಿ ಇದ್ದವು. ಹದಿನೈದು ದಿನದ ಹಿಂದೆ ಅವರ ಊರಿಗೆ ಕೋಳಿ ರೋಗ ಬಂದಿತ್ತು. ಕೇರಿಯಲ್ಲಿ ಒಂದು ಕೋಳಿಯೂ ಉಳಿಯಲಿಲ್ಲ. ಅಕ್ಕನ ಮನೆಯಲ್ಲಿ ಎರಡು ಹ್ಯಾಟೆ, ಒಂದು ಹುಂಜ ಎಲ್ಲಕ್ಕಿಂತ ಕೊನೆಗೆ, ಹಿಂದಿನ ದಿನ ಸತ್ತಿದ್ದವು. ಅವು ಬೋಳು ಕುತ್ತಿಗೆಯ ಕೋಳಿಗಳು. ತಲೆಯ ಮೇಲೆ ಒಂದಿಷ್ಟು ಪುಕ್ಕ, ಮೈ ತುಂಬ ಪುಕ್ಕ, ನಡುವೆ ಕುತ್ತಿಗೆ ಮಾತ್ರ ಕೆಂಪಗೆ ಬೋಳು. ಅಕ್ಕ ಮದುವೆಯಾಗಿ ಬರುವಾಗ ಉಚ್ಚಂಗಿದುರ್ಗದ ಕಡೆಯ ತವರಿನಿಂದ ಅವರ ತಾಯಿ ಒಂದು ಜೊತೆ ಕೊಟ್ಟು ಕಳಿಸಿದ್ದರಂತೆ. ಮೂವತ್ತು ವರ್ಷದಿಂದ ಅದೇ ಕೋಳಿಯ ಮರಿ, ಮರಿಯ ಮರಿ. ತಾಯಿ ಈಗಿಲ್ಲ. ತವರಿನಲ್ಲಿ ಅಣ್ಣಂದಿರು ಕೋಳಿ ಸಾಕುವುದು ಬಿಟ್ಟು ಬಹಳ ಕಾಲವಾಗಿತ್ತು.

"ನಮ್ಮವ್ವಂದು ಅಂತ ಉಳಿದಿದ್ದು ಇದೊಂದ ಸರ. ಕಾವಿಗೆ ಕುಂದ್ರೋ ಕೋಳಿ ಊರಾಗ ಒಂದೂ ಇಲ್ಲ," ಎಂದರು. ಆಮೇಲೆ, ವ್ಯವಹಾರ ಮಾತಾಡದೆ ಇದ್ದರೆ ತಪ್ಪಾದೀತು ಎಂಬಂತೆ, "ಅರ್ಧ ಪಾಲು ನಿಮಗ" ಎಂದು ಸೇರಿಸಿದರು.

ನಮ್ಮ ಕಡೆ ಅದು ರೂಢಿ. ತತ್ತಿ ಒಬ್ಬರದು, ಕಾವಿಗೆ ಕೂರುವ ಕೋಳಿ ಇನ್ನೊಬ್ಬರದಾದರೆ, ಮರಿ ದೊಡ್ಡವಾದ ಮೇಲೆ ಅರ್ಧ ಅವರಿಗೆ, ಅರ್ಧ ಇವರಿಗೆ. ಪಾಲೆಲ್ಲ ಬೇಡ ಎಂದೆ. "ಪಾಲು ಕೊಡದ ಮರಿ ಏಳ್ಗಿ ಆಗಂಗಿಲ್ರಿ" ಎಂದು ಅಕ್ಕ ಒಪ್ಪಲಿಲ್ಲ. ಕಾವಿಗೆ ಕೂತ ಕೋಳಿಯ ಜಾಗದಲ್ಲಿ ನನ್ನನ್ನು ಕೂರಿಸಿದ್ದಾರೆ ಎಂದು ಹಿಂದಿ ಮೇಷ್ಟ್ರು ಮತ್ತೆ ನಕ್ಕರು.

ಕೋಳಿ ತತ್ತಿಗೆ ಇಪ್ಪತ್ತೊಂದು ದಿನ, ಬಾತಿನ ತತ್ತಿಗೆ ಇಪ್ಪತ್ತೆಂಟು ದಿನ. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಇಡಬಾರದು ಎಂದು ನಾನು ನೋಡಿದ ವಿಡಿಯೋದವನೇ ಹೇಳಿದ್ದ. ಬಾತಿನ ತತ್ತಿಯನ್ನು ಕೊನೆಯವರೆಗೂ ದಿನಾ ಹೊರಗೆ ತೆಗೆದು ತಣಿಸಿ ನೀರು ಚಿಮುಕಿಸಬೇಕು. ಕೋಳಿ ತತ್ತಿಯಾದರೆ ಕೊನೆಯ ಮೂರು ದಿನ ಮುಚ್ಚಳ ಮುಟ್ಟಬಾರದು. ಮುಟ್ಟಿದರೆ ಒಳಗಿನ ತೇವ ಹಾರಿಹೋಗಿ, ಚಿಪ್ಪಿನ ಒಳಪೊರೆ ಒಣಗಿ ಮರಿಗೆ ಅಂಟಿಕೊಳ್ಳುತ್ತದೆ. ಇದೆಲ್ಲ ಗೊತ್ತಿದ್ದೂ ಎರಡನ್ನೂ ಒಂದೇ ದಿನ, ಒಂದೇ ಪೆಟ್ಟಿಗೆಯಲ್ಲಿಟ್ಟೆ.

ಏಳನೆಯ ದಿನ ಅಕ್ಕ ನಮ್ಮ ಮನೆಗೆ ಬಂದರು. ಕೋಣೆಯ ಕಿಟಕಿಗೆ ಕಂಬಳಿ ಕಟ್ಟಿ ಕತ್ತಲೆ ಮಾಡಿ, ಒಂದೊಂದೇ ತತ್ತಿಯನ್ನು ಫೋನಿನ ಟಾರ್ಚಿನ ಮೇಲೆ ಹಿಡಿದು ತೋರಿಸಿದೆ. ಹದಿಮೂರರಲ್ಲಿ ಒಂದು ಜೊಳ್ಳು. ಉಳಿದ ಹನ್ನೆರಡರಲ್ಲೂ ಕೆಂಪು ನರಗಳು ಹರಡಿದ್ದವು, ನಡುವೆ ಕಪ್ಪು ಚುಕ್ಕೆಯೊಂದು ಮಿಡಿಯುತ್ತಿತ್ತು. ಅಕ್ಕ ತುಂಬ ಹೊತ್ತು ನೋಡಿದರು. "ಹನ್ನೆರಡೂ ಗ್ಯಾರಂಟಿ ಅಕ್ಕ, ಬರಕೊಳ್ರಿ" ಎಂದೆ ನಾನು. ಗ್ಯಾರಂಟಿ ಕೊಡಲು ನಾನು ಯಾರು ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಲಿಲ್ಲ. ಮೈಯೆಲ್ಲ ಹಿಗ್ಗು.

ಹದಿನೆಂಟನೆಯ ದಿನ ನನ್ನ ಹೆಂಡತಿ, "ಕೋಳಿ ತತ್ತಿಗೆ ಬ್ಯಾರೆ ಡಬ್ಬಿ ಮಾಡ್ರಿ, ಅಟ್ಟದ ಮ್ಯಾಲೆ ಇನ್ನೊಂದು ಥರ್ಮೋಕೋಲ್ ಐತಲ್ಲ" ಎಂದಳು. ಅರ್ಧ ಗಂಟೆಯ ಕೆಲಸ. "ನನಗೆ ಗೊತ್ತೈತಿ ಬಿಡು" ಎಂದೆ. ಈ ಒಂದು ಮಾತನ್ನು ನಾನು ಮದುವೆಯಾದಾಗಿನಿಂದ ಎಷ್ಟು ಸಲ ಹೇಳಿದ್ದೇನೋ.

ಇಪ್ಪತ್ತನೆಯ ದಿನ ಭಾನುವಾರ. ಮಾರ್ಚಿ ತಿಂಗಳ ಬಿಸಿಲು, ಗಾಳಿಯಲ್ಲಿ ಪಸೆ ಇಲ್ಲ. ಹರಪನಹಳ್ಳಿಯಿಂದ ಹೆಂಡತಿಯ ತಮ್ಮ, ಅವನ ಹೆಂಡತಿ, ಮಕ್ಕಳು ಬಂದಿದ್ದರು. ಊಟಕ್ಕೆ ಮೊದಲು ಹಿಂದಿ ಮೇಷ್ಟ್ರೂ ಇನ್ನಿಬ್ಬರು ಮೇಷ್ಟ್ರುಗಳೂ ಬಂದರು. ಒಂದು ತತ್ತಿಯ ಮೇಲೆ ಎಳ್ಳಿನಷ್ಟು ಬಿರುಕು ಕಾಣಿಸಿತ್ತು. ಒಳಗಿನಿಂದ ಚಿಯ್ ಎಂಬ ಸಣ್ಣ ದನಿ. ಎಲ್ಲರಿಗೂ ಅದನ್ನು ಕೇಳಿಸದೆ ನನಗೆ ಸಮಾಧಾನವಿಲ್ಲ. ಮುಚ್ಚಳ ತೆಗೆದು ತತ್ತಿಯನ್ನು ಒಬ್ಬೊಬ್ಬರ ಕಿವಿಗೆ ಹಿಡಿದೆ. ಅದನ್ನಿಟ್ಟು ಇನ್ನೊಂದನ್ನು ತೆಗೆದೆ. ಬಾತಿನ ತತ್ತಿ ತಣಿಸುವ ಕೆಲಸವೂ ಆಗಲೆಂದು ಮುಚ್ಚಳವನ್ನು ಹಾಗೇ ತೆರೆದಿಟ್ಟು ಭ್ರೂಣ ಹೇಗೆ ಉಸಿರಾಡುತ್ತದೆ ಎಂದು ಪಾಠ ಮಾಡಿದೆ. ನಮ್ಮ ಹಿಂದಿ ಮೇಷ್ಟ್ರು, "ಸಾಕ್ರಿ ಸರ, ಮುಚ್ರಿ, ಅವಕ್ಕ ಥಂಡಿ ಆದೀತು" ಎಂದರು. ಅಷ್ಟು ದಿನ ನಕ್ಕ ಮನುಷ್ಯನ ಬಾಯಿಂದ ಅಂದು ಬಂದದ್ದು ಅದೊಂದೇ ಬುದ್ಧಿಯ ಮಾತು. ನಾನು ಕೇಳಲಿಲ್ಲ.

ಇಪ್ಪತ್ತೊಂದನೆಯ ದಿನ ಐದು ತತ್ತಿಗಳಿಗೆ ಬಿರುಕು ಬಂತು. ಒಂದರಲ್ಲಿ ಕೊಕ್ಕಿನ ತುದಿ ಕಾಣುತ್ತಿತ್ತು. ಅಷ್ಟೇ, ಮುಂದೆ ಏನೂ ಆಗಲಿಲ್ಲ. ಶಾಲೆಯಲ್ಲಿ ಅಕ್ಕ ಕೇಳಿದಾಗ "ಇವತ್ತು ನಾಳೆ" ಎಂದೆ. ಇಪ್ಪತ್ತೆರಡನೆಯ ದಿನ ಸಂಜೆ ನೋಡಿದರೆ ಆ ಕೊಕ್ಕು ಅಲುಗಾಡುತ್ತಿರಲಿಲ್ಲ. ಬಿರುಕಿನ ಸುತ್ತ ಪೊರೆ ಹಪ್ಪಳದಂತೆ ಒಣಗಿತ್ತು. ಉಳಿದ ಏಳು ತತ್ತಿಗಳಲ್ಲಿ ಬಿರುಕೂ ಇರಲಿಲ್ಲ.

ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಬಚ್ಚಲಿಗೆ ಬಿತ್ತಂತೆ. ಮಕ್ಕಳಿಗೆ ಭ್ರೂಣದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ ಎನ್ನುವ ನಾನು ಆ ಪೆಟ್ಟಿಗೆಯ ಮುಂದೆ ಕೂತುಬಿಟ್ಟೆ. ದುಃಖ ಆಯಿತು ಎಂದು ಬರೆದರೆ ಸುಳ್ಳಾಗುತ್ತದೆ. ನನಗೆ ಆದದ್ದು ಭಯ. ಅಕ್ಕನಿಗೆ ಏನು ಹೇಳಲಿ ಎಂಬ ಭಯವಲ್ಲ, ಸ್ಟಾಫ್ ರೂಮಿನಲ್ಲಿ ಏನು ಹೇಳಲಿ ಎಂಬ ಭಯ. ಜೊಳ್ಳು ಎಂದು ಹೇಳಿ ಜಾರಿಕೊಳ್ಳುವಂತಿರಲಿಲ್ಲ, ಹನ್ನೆರಡು ಜೀವವನ್ನು ನಾನೇ ಟಾರ್ಚು ಹಿಡಿದು ತೋರಿಸಿದ್ದೆ.

"ಆಕಿಗೆ ಇದ್ದದ್ದು ಇದ್ದಂಗ ಹೇಳಿ ಬಿಡ್ರಿ. ಒಂದು ಮಾತು ಅಂದಾಳು, ಅನ್ನಿಸಿಕೊಳ್ರಿ," ಎಂದಳು ಹೆಂಡತಿ.

ಮರುದಿನ ಬೆಳಿಗ್ಗೆ ಶಾಲೆಗೆ ಅರ್ಧ ದಿನ ರಜೆ ಹಾಕಿದೆ. ಹನ್ನೆರಡು ತತ್ತಿಗಳನ್ನು ಒಂದು ಚೀಲಕ್ಕೆ ಹಾಕಿ ಬೈಕಿನ ಹ್ಯಾಂಡಲಿಗೆ ನೇತುಹಾಕಿಕೊಂಡು ಹೊರಟೆ. ಊರ ಹೊರಗೆ ತಿಪ್ಪೆಯೊಂದರಲ್ಲಿ ಚೀಲ ಎಸೆದು, ನೇರ ಹಗರಿಬೊಮ್ಮನಹಳ್ಳಿ ಸಂತೆಗೆ ಹೋದೆ. ಅಲ್ಲಿ ಮಂಕರಿಯಲ್ಲಿ ನಾಟಿ ಕೋಳಿ ಮರಿ ಇಟ್ಟುಕೊಂಡಿದ್ದ ಹೆಂಗಸಿನ ಹತ್ತಿರ ತೀರ ಸಣ್ಣವು, ಅಕ್ಕನ ಕೋಳಿಯ ಬಣ್ಣಕ್ಕೆ ಹತ್ತಿರವಾದವು, ಎಂಟನ್ನು ಆರಿಸಿಕೊಂಡೆ. ಹನ್ನೆರಡೂ ಬದುಕಿದವು ಎಂದರೆ ಯಾರೂ ನಂಬುವುದಿಲ್ಲ, ಎಂಟು ಎಂದರೆ ನಂಬುತ್ತಾರೆ. ಸುಳ್ಳಿಗೂ ಒಂದು ಅಂದಾಜು ಬೇಕಲ್ಲ.

ಆ ಮರಿಗಳ ಕುತ್ತಿಗೆಯ ತುಂಬ ಮೆತ್ತನೆಯ ತುಪ್ಪಳವಿತ್ತು. ಇರಲಿ ಬಿಡು, ಬೆಳೆಯುತ್ತಾ ಉದುರುತ್ತದೆ ಎಂದುಕೊಂಡೆ. ನನ್ನ ತಲೆಯ ಕೂದಲು ಹಾಗೇ ಹೋದದ್ದು. ಗಂಡಸರಿಗೆ ವಯಸ್ಸಿನ ಮೇಲೆ ಬೋಳು ಬರುವ ಹಾಗೆ ಆ ಕೋಳಿಗಳಿಗೂ ದೊಡ್ಡವಾದ ಮೇಲೆ ಕುತ್ತಿಗೆ ಬೋಳಾಗುತ್ತದೆ ಎಂದು ನನ್ನ ತಿಳುವಳಿಕೆ. ಉದುರದಿದ್ದರೆ ಅದಕ್ಕೂ ಒಂದು ಉತ್ತರ ಹುಡುಕೋಣ ಎಂದು ಧೈರ್ಯ ತಂದುಕೊಂಡೆ.

ಮಧ್ಯಾಹ್ನ ಬಿಸಿಯೂಟದ ಹೊತ್ತಿಗೆ ಸರಿಯಾಗಿ ಶಾಲೆಗೆ ಬಂದೆ. ಬೇಕೆಂದೇ ಆ ಹೊತ್ತಿಗೆ ಬಂದೆ. ಮಕ್ಕಳು ತಟ್ಟೆ ಹಿಡಿದು ಸಾಲಾಗಿ ಕೂತಿದ್ದರು, ಮೇಷ್ಟ್ರುಗಳು ಜಗಲಿಯಲ್ಲಿ ನಿಂತಿದ್ದರು. ಎಲ್ಲರ ಎದುರಿಗೆ ಅಕ್ಕನ ಮುಂದೆ ಡಬ್ಬಿ ತೆರೆದೆ. ಮಕ್ಕಳು ಹೋ ಎಂದರು. ಅಕ್ಕ ಸೌಟು ಕೆಳಗಿಟ್ಟು, ಕೈ ಒರೆಸಿಕೊಂಡು, ಒಂದು ಮರಿಯನ್ನು ಅಂಗೈಯಲ್ಲಿ ಎತ್ತಿಕೊಂಡರು. ಹೆಬ್ಬೆರಳಿನಿಂದ ಅದರ ಕುತ್ತಿಗೆಯನ್ನು ಸವರಿದರು. ಇನ್ನೊಂದನ್ನು ಎತ್ತಿ ಅದರ ಕುತ್ತಿಗೆಯನ್ನೂ ಸವರಿದರು. ಮೂರನೆಯದನ್ನು ಮುಟ್ಟಲಿಲ್ಲ.

"ಹನ್ನೆರಡರಾಗ ಎಂಟು ಅಕ್ಕ. ನಾಕು ಒಳಗ ಹೋದ್ವು" ಎಂದೆ.

ಅಕ್ಕ ನನ್ನ ಮುಖ ನೋಡಿದರು, ಆಮೇಲೆ ಕೂತಿದ್ದ ಮಕ್ಕಳ ಕಡೆ ನೋಡಿದರು. "ಚಲೋ ಅದಾವ್ರಿ ಸರ. ಬಿಸಿಲಾಗ ಬಂದೀರಿ, ನೀರು ಕುಡೀರಿ" ಎಂದು ಚೆಂಬು ಕೊಟ್ಟರು. ಅವರ ಕಣ್ಣು ತುಂಬಿತ್ತು. ತವರಿನ ಕೋಳಿ ಉಳಿಯಿತಲ್ಲ ಎಂಬ ಸಂತೋಷ ಎಂದುಕೊಂಡು ನಾನು ನೀರು ಕುಡಿದೆ.

ಐದು ದಿನದ ಮೇಲೆ ಹತ್ತು ಬಾತಿನ ತತ್ತಿಗಳಲ್ಲಿ ಆರು ಮರಿಯಾದವು. ಹಳದಿ ಮರಿಗಳು ಪ್ಲಾಸ್ಟಿಕ್ ಟಬ್ಬಿನಲ್ಲಿ ಈಜುವುದನ್ನು ನೋಡಲು ಓಣಿಯೇ ಬಂತು. ಹಿಂದಿ ಮೇಷ್ಟ್ರು ಕೈಕುಲುಕಿ ಸೋಲೊಪ್ಪಿಕೊಂಡರು. ಎಲ್ಲರೂ ಬಾತನ್ನು ಹೊಗಳುತ್ತಿದ್ದರೆ, ಸಂತೆಯ ಮರಿಗಳ ಸಂಗತಿ ಗೊತ್ತಿದ್ದ ಹೆಂಡತಿ ಒಳಗೆ ಹೋಗಿ ಪಾತ್ರೆ ತೊಳೆಯುತ್ತಿದ್ದಳು.

ಬೇಸಿಗೆ ರಜೆ ಮುಗಿದು ಶಾಲೆ ತೆರೆದ ವಾರ ಅಕ್ಕ ಪಾಲು ತಂದರು. ಎಂಟೂ ಬದುಕಿದ್ದವು. ಕಾಲು ಕಟ್ಟಿದ ನಾಲ್ಕು ಕೋಳಿಗಳನ್ನು ಬುಟ್ಟಿಯಲ್ಲಿ ಹೊತ್ತು ಕೊಟ್ಟೂರಿಗೆ, ನಮ್ಮ ಮನೆಗೇ ಬಂದಿದ್ದರು. ಎಂಟರಲ್ಲಿ ದೊಡ್ಡ ಹುಂಜವನ್ನು ನನ್ನ ಪಾಲಿಗೇ ಹಾಕಿದ್ದರು. ನಾಲ್ಕರ ಕುತ್ತಿಗೆಯಲ್ಲೂ ದಟ್ಟವಾಗಿ ಪುಕ್ಕ.

ಅಕ್ಕ ಏನೂ ಕೇಳಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕಳ್ಳ ಎಂದು ಯಾರೂ ಅನ್ನದೆಯೇ ನಾನು ಹೆಗಲು ಮುಟ್ಟಿಕೊಂಡೆ. ಹತ್ತನೆಯ ತರಗತಿಗೆ ಹೇಳುವ ಬಟಾಣಿ ಗಿಡದ ಪಾಠವನ್ನು ತೆಗೆದೆ. ತಾಯಿಯ ಗುಣ ಒಂದು ತಲೆಮಾರು ಅಡಗಿ ಕೂರುತ್ತದೆ, ನಿಮ್ಮ ಊರಿನ ಯಾವುದೋ ಬೇರೆ ಹುಂಜ ಸೇರಿರಬೇಕು, ಹಾಗಾಗಿ ಈ ಸಲ ಪುಕ್ಕ ಬಂದಿದೆ, ಮುಂದಿನ ಮರಿಯಲ್ಲಿ ಬೋಳು ಬಂದರೂ ಬರಬಹುದು ಎಂದೆಲ್ಲ ಹೇಳಿದೆ. ಅಕ್ಕ ನೆಲದ ಮೇಲೆ ಕೂತು, ಮಕ್ಕಳು ಪಾಠ ಕೇಳುವ ಹಾಗೆ ಕೇಳಿದರು.

"ಹೌದೇನ್ರಿ ಸರ" ಎಂದರು.

ನನ್ನ ಹೆಂಡತಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಆ ಹುಂಜವನ್ನು ನಾವು ಬೀಗರು ಬಂದಾಗ ಕೊಯ್ದೆವು. ಅವಳು ಅವತ್ತು ಊಟಕ್ಕೆ ಕೂರಲಿಲ್ಲ.

ಕಾರ್ತಿಕದಲ್ಲಿ ಇನ್ನೊಂದು ಶಾಲೆಯ ಮೇಷ್ಟ್ರೊಬ್ಬರು ಮೈಲಾರದ ಹತ್ತಿರದ ತಮ್ಮ ಊರಿನಿಂದ ಆರು ತತ್ತಿ ತಂದುಕೊಟ್ಟರು. ಅವೂ ಬೋಳು ಕುತ್ತಿಗೆಯ ಕೋಳಿಯವೇ. ಅಷ್ಟರಲ್ಲಿ ನನಗೆ ಬುದ್ಧಿ ಬಂದಿತ್ತು. ಬೇರೆ ಪೆಟ್ಟಿಗೆ ಮಾಡಿದ್ದೆ, ಕೊನೆಯ ಮೂರು ದಿನ ಮುಚ್ಚಳ ಮುಟ್ಟಲಿಲ್ಲ. ಇಪ್ಪತ್ತೊಂದನೆಯ ದಿನ ಬೆಳಿಗ್ಗೆ ಹೆಂಡತಿ ಗಾಜಿನ ಕಿಟಕಿಯಲ್ಲಿ ಇಣುಕಿ, "ಇಲ್ಲಿ ಬರ್ರಿ" ಎಂದು ಕರೆದಳು. ಅವಳ ದನಿ ಸರಿಯಿರಲಿಲ್ಲ.

ಮರಿಗಳು ಒಣಗಿ ಎದ್ದು ನಿಂತಿದ್ದವು. ಮೈಮೇಲೆ ತುಪ್ಪಳ, ತಲೆಯ ಮೇಲೆ ಟೋಪಿಯಷ್ಟು ತುಪ್ಪಳ, ನಡುವೆ ಕುತ್ತಿಗೆ ಗುಲಾಬಿ ಬಣ್ಣಕ್ಕೆ ಬೋಳು. ಹುಟ್ಟುವಾಗಲೇ ಬೋಳು. ಚಿಪ್ಪಿನಿಂದ ಬಂದು ಎರಡು ತಾಸಾಗಿರಲಿಲ್ಲ.

"ಆಕಿಗೆ ಅವತ್ತ ಗೊತ್ತಾಗೇತ್ರಿ" ಎಂದಳು ಹೆಂಡತಿ.

ಹೆಬ್ಬೆರಳಿನಿಂದ ಎರಡು ಮರಿಗಳ ಕುತ್ತಿಗೆ ಸವರಿ ಮೂರನೆಯದನ್ನು ಮುಟ್ಟದ ಆ ಕೈ ನನ್ನ ಕಣ್ಣ ಮುಂದೆ ಬಂತು. ಮೂವತ್ತು ವರ್ಷ ಆ ಮರಿಗಳನ್ನು ಎತ್ತಿ ಆಡಿಸಿದವರಿಗೆ ಎಷ್ಟು ಹೊತ್ತು ಬೇಕು? ಗೊತ್ತಾದ ಮೇಲೂ ನೀರು ಕೊಟ್ಟರು. ಗೊತ್ತಿದ್ದೂ ಎಂಟು ಕೋಳಿಗೆ ಕಾಳು ಹಾಕಿ ಬೆಳೆಸಿದರು, ಸುಳ್ಳಿನ ಪಾಲನ್ನು ತಲೆಯ ಮೇಲೆ ಹೊತ್ತು ತಂದು ನನ್ನ ಮನೆಗೆ ಮುಟ್ಟಿಸಿದರು, ನನ್ನ ಬಟಾಣಿ ಗಿಡದ ಪಾಠ ಕೇಳಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಎರಡು ದಿನ ಕಳೆದು, ತತ್ತಿ ಕೊಟ್ಟ ಆ ಮೇಷ್ಟ್ರನ್ನು ಕೇಳಿ ಎರಡು ಮರಿ ಇಸಿದುಕೊಂಡು, ಮಕ್ಕಳೆಲ್ಲ ಹೋದ ಮೇಲೆ ಶಾಲೆಯ ಅಡುಗೆಕೋಣೆಗೆ ಹೋದೆ. ಅಕ್ಕ ಒಬ್ಬರೇ ದೊಡ್ಡ ಪಾತ್ರೆ ತಿಕ್ಕುತ್ತಿದ್ದರು. ನಿಂತೇ ಎಲ್ಲ ಹೇಳಿದೆ. ಭಾನುವಾರ ಮುಚ್ಚಳ ತೆರೆದಿಟ್ಟದ್ದು, ಒಣಗಿದ ಪೊರೆ, ಸಂತೆಯ ಮರಿ, ಎಲ್ಲ. ಅಕ್ಕ ಕೈ ತೊಳೆದುಕೊಂಡು ಬಂದು, ಡಬ್ಬಿಯೊಳಗಿನ ಬೋಳು ಕುತ್ತಿಗೆಗಳನ್ನು ನೋಡಿದರು.

"ಮಕ್ಕಳು ಕುಂತಿದ್ರಲ್ರಿ ಅವತ್ತು. ಅವರ ಮುಂದ ಮೇಷ್ಟ್ರಿಗೆ ಹೆಂಗ ಕೇಳ್ಲಿ?" ಎಂದರು. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. "ಇವು ಚಂದ ಅದಾವ. ಸಾಕ್ತೀನಿ. ಆದರ ಇವು ನಮ್ಮವ್ವನ ಕೋಳಿ ಅಲ್ಲಲ್ರಿ."

ಮರಿಗಳನ್ನು ಡಬ್ಬಿಯಲ್ಲೇ ಬಿಟ್ಟು ನನ್ನ ಕಡೆ ತಿರುಗಿದರು. ಆಮೇಲೆ ಕೇಳಿದರು.

"ಒಂದು ಕೇಳ್ತೀನಿ ಸರ. ಎಸಿಯೋಕಿಂತ ಮುಂಚೆ ಬಿಸಿನೀರಾಗ ಬಿಟ್ಟು ನೋಡಿದ್ರೇನು? ಉಗುರು ಬೆಚ್ಚನ ನೀರಾಗ ಬಿಟ್ರ, ಜೀವ ಇದ್ದ ತತ್ತಿ ಅಲ್ಲಾಡತಾವು. ಬಿರುಕು ಬಿಡದ ಏಳು ಇದ್ವು ಅಂದ್ರಲ್ಲ. ನಮ್ಮವ್ವ ಹಂಗ ನೋಡಿ, ಇಪ್ಪತ್ನಾಕು ದಿನಕ್ಕೂ ಮರಿ ತಗದಾಳ."

ನಾನು ನೋಡಿರಲಿಲ್ಲ. ಅದಕ್ಕಿಂತ ಹೆಚ್ಚಿನದೊಂದಿದೆ. ಅದನ್ನು ಹೆಂಡತಿಗೂ ಹೇಳಿಲ್ಲ, ಮೇಲೆ ಆ ಬೆಳಿಗ್ಗೆಯ ಬಗ್ಗೆ ಬರೆಯುವಾಗಲೂ ಬಿಟ್ಟುಬಿಟ್ಟೆ. ತಿಪ್ಪೆಯ ಹತ್ತಿರ ಬೈಕು ನಿಲ್ಲಿಸಿ ಎಂಜಿನ್ ಆರಿಸಿದಾಗ ಚೀಲದಿಂದ ಒಂದು ಸಲ ಚಿಯ್ ಎಂದು ಕೇಳಿಸಿತು. ಒಂದೇ ಸಲ. ಚೀಲ ಬಿಚ್ಚಿದರೆ ಒಂದು ಮರಿಯೋ ಎರಡೋ ಸಿಕ್ಕೀತು, ಒಂದೆರಡನ್ನು ಹಿಡಿದು ಸ್ಟಾಫ್ ರೂಮಿಗೆ ಹೋಗುವುದಕ್ಕಿಂತ ಸಂತೆಯ ಎಂಟು ಮರಿಯೇ ಮೇಲು ಎಂದು ನನ್ನ ಮನಸ್ಸು ಲೆಕ್ಕ ಹಾಕಿತು. ಎಸೆದು, ಗಾಡಿ ಚಾಲೂ ಮಾಡಿದೆ.

"ನೋಡಿದೆ ಅಕ್ಕ," ಎಂದೆ. "ಒಂದೂ ಅಲ್ಲಾಡಲಿಲ್ಲ."

ಅಕ್ಕ ಉಸಿರು ಬಿಟ್ಟರು. ಎಂಟು ತಿಂಗಳಿಂದ ಹಿಡಿದಿಟ್ಟುಕೊಂಡಿದ್ದ ಉಸಿರು ಇರಬೇಕು.

"ಹಂಗಾರ ಬಿಡ್ರಿ ಸರ," ಎಂದರು. "ಅಷ್ಟು ನೋಡೀರಲ್ಲ, ಸಾಕು." ಎರಡು ಮರಿಗಳನ್ನು ಸೆರಗಿನಲ್ಲಿ ಹಾಕಿಕೊಂಡು, ಡಬ್ಬಿಯನ್ನು ತೊಳೆದು ನನ್ನ ಕೈಗೆ ವಾಪಸು ಕೊಟ್ಟರು.